ಗುಡ್ಡ ಕುಸಿದ ಊರಿನ ಶಾಲೆಗೆ ಒಂದು ದಿನದ ಶಿಬಿರ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ, ಹಿಂದೆಯೇ ಮುಂಗಾರು ಬರುತ್ತದೆ. ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರಿನ ಗುಡ್ಡಗಾಡಿನ ಶಾಲೆಗಳಲ್ಲಿ ಈಗ ಸೋರುವ ಮಾಡಿನ ರಿಪೇರಿ, ಪಠ್ಯಪುಸ್ತಕದ ಲೆಕ್ಕ, ದಾಖಲಾತಿಯ ಓಡಾಟ ನಡೆದಿರುತ್ತದೆ. ಭೂಕುಸಿತ ಕಂಡ ಊರುಗಳಲ್ಲಿ ಈ ತಯಾರಿಯ ಜತೆಗೆ ಇನ್ನೊಂದು ಕೆಲಸವೂ ಆಗಬೇಕು. ಮಳೆಯ ಸದ್ದಿಗೆ ಬೆಚ್ಚುವ ಮಕ್ಕಳನ್ನು ಇಡೀ ಮಳೆಗಾಲ ಹೇಗೆ ಹಿಡಿದು ನಿಲ್ಲಿಸುವುದು ಎಂಬುದನ್ನು ಶಿಕ್ಷಕರು ಕುಳಿತು ತೀರ್ಮಾನಿಸಿಕೊಳ್ಳಬೇಕು. ಅದನ್ನು ಇಲಾಖೆಯ ಗಮನಕ್ಕೂ ಓದುಗರ ಗಮನಕ್ಕೂ ತರುವುದಕ್ಕೆ ಈ ಪತ್ರ.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲ ಸುತ್ತ ಗುಡ್ಡಗಳು ಜರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇಂಥ ಪ್ರತಿ ಸಲವೂ ಮೊದಲ ಎರಡು ವಾರ ಊರಿಗೆ ಜನ ಹರಿದು ಬರುತ್ತಾರೆ. ಬ್ಯಾಗು, ಬಿಸ್ಕತ್ತು, ಬಣ್ಣದ ಪೆನ್ಸಿಲ್ಲು, ಒಂದು ದಿನದ ‘ಆಪ್ತ ಸಮಾಲೋಚನಾ ಶಿಬಿರ’ ಎಲ್ಲವೂ ಬರುತ್ತವೆ. ತಿಂಗಳು ಕಳೆಯುವ ಹೊತ್ತಿಗೆ ಶಾಲೆಯಲ್ಲಿ ಉಳಿಯುವವರು ಶಿಕ್ಷಕರು ಮತ್ತು ಅಡುಗೆಯವರು ಮಾತ್ರ. ಮಕ್ಕಳಿಗೆ ನಿಜವಾಗಿ ನೆರವು ಬೇಕಾಗುವುದು ಆಗ, ಮತ್ತೆ ಮರುವರ್ಷದ ಜೂನ್‌ನಲ್ಲಿ. ಹಾಗಾಗಿ ಹಣವನ್ನಾಗಲಿ ತರಬೇತಿಯನ್ನಾಗಲಿ ಹಾಕುವುದಿದ್ದರೆ ಅಲ್ಲೇ ಉಳಿಯುವ ಈ ಜನರ ಮೇಲೆ ಹಾಕಬೇಕು.

ಶಾಲೆ ಮತ್ತೆ ತೆರೆಯುವ ಮುನ್ನ ಮುಖ್ಯೋಪಾಧ್ಯಾಯರು ಎಲ್ಲ ಶಿಕ್ಷಕರೊಡನೆ ಎರಡು ಗಂಟೆ ಕೂರಬೇಕು. ಹಾಜರಾತಿ ಪುಸ್ತಕ ಹಿಡಿದು ಒಂದೊಂದೇ ಹೆಸರಿನ ಎದುರು ನಾಲ್ಕು ಸಂಗತಿ ಬರೆಯಬೇಕು: ಮನೆಯಲ್ಲಿ ಸಾವುನೋವು ಆಗಿದೆಯೇ, ಮನೆ ಹೋಗಿದೆಯೇ, ಮಗು ಘಟನೆಯನ್ನು ಕಣ್ಣಾರೆ ಕಂಡಿದೆಯೇ ಅಥವಾ ಅದರಲ್ಲಿ ಸಿಕ್ಕಿಕೊಂಡಿತ್ತೇ, ಈಗ ರಾತ್ರಿ ಎಲ್ಲಿ ಮಲಗುತ್ತದೆ. ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಸಂತ್ರಸ್ತರನ್ನು ಇರಿಸುವ ಕಾಳಜಿ ಕೇಂದ್ರದಲ್ಲಿ, ನೆಂಟರ ಮನೆಯ ಮೂಲೆಯಲ್ಲಿ, ಎಸ್ಟೇಟಿನ ಲೈನ್ ಮನೆಯಲ್ಲಿ ಹತ್ತು ಜನರ ನಡುವೆ ಮಲಗುವ ಮಗು ತರಗತಿಯಲ್ಲಿ ತೂಕಡಿಸಿದರೆ ಅದು ಸೋಮಾರಿತನವೂ ಅಲ್ಲ, ಕಾಯಿಲೆಯೂ ಅಲ್ಲ, ನಿದ್ದೆಯ ಕೊರತೆ. ಮೊದಲೇ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡಿರುವ, ಅಂಗವೈಕಲ್ಯ ಇರುವ, ಮನೆಯಲ್ಲಿ ಕುಡಿತದ ಗಲಾಟೆ ಇರುವ ಮಕ್ಕಳ ಹೆಸರಿಗೆ ಒಂದು ಗುರುತು ಹಾಕಿಕೊಳ್ಳಬೇಕು. ಅವರಿಗೆ ಪೆಟ್ಟು ಹೆಚ್ಚು ಆಳಕ್ಕೆ ಇಳಿಯುತ್ತದೆ. ಈ ಪಟ್ಟಿ ಬೀಗದ ಬೀರುವಿನಲ್ಲಿರಬೇಕು. ಯಾವ ಕಾರಣಕ್ಕೂ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.

ಮಗುವೊಂದು ತೀರಿಹೋಗಿದ್ದರೆ ಆ ತರಗತಿಯ ಹಾಜರಾತಿ ಪಟ್ಟಿಯನ್ನು ಮೊದಲ ದಿನಕ್ಕೆ ಮುಂಚೆಯೇ ಹೊಸದಾಗಿ ಬರೆದಿಡಬೇಕು. ರೂಢಿಯ ಬಲದಲ್ಲಿ ಶಿಕ್ಷಕರ ಬಾಯಿಂದ ಆ ಹೆಸರು ಬಂದುಬಿಟ್ಟರೆ ಇಡೀ ತರಗತಿ ಕಂಗಾಲಾಗುತ್ತದೆ. ಗೋಡೆಯ ಮೇಲಿನ ಹುಟ್ಟುಹಬ್ಬದ ಪಟ್ಟಿ, ನಲಿ-ಕಲಿ ಕೊಠಡಿಯ ಪ್ರಗತಿ ನೋಟ, ಪೋಷಕರ ಫೋನಿಗೆ ತಾನಾಗಿ ಹೋಗುವ ಸಂದೇಶ ಇವನ್ನೂ ನೋಡಿಕೊಳ್ಳಬೇಕು. ಆ ಮಗು ಕೂರುತ್ತಿದ್ದ ಜಾಗವನ್ನು ಮಾತ್ರ ರಾತ್ರೋರಾತ್ರಿ ಮಾಯ ಮಾಡಬಾರದು. ಒಂದೆರಡು ವಾರ ಹಾಗೇ ಬಿಟ್ಟು, ಏನು ಮಾಡೋಣ ಎಂದು ಮಕ್ಕಳನ್ನೇ ಕೇಳಿ ಅವರೊಡನೆ ಸೇರಿ ಬದಲಿಸುವುದು ಒಳ್ಳೆಯದು.

ಶಾಲೆಯೇ ಕಾಳಜಿ ಕೇಂದ್ರವಾಗಿದ್ದರೆ ಕಟ್ಟಡದ ವಿಚಾರ ಬೇರೆಯೇ ಇದೆ. ಗೋಡೆಗೆ ಅಂಟಿಸಿದ ಕಾಣೆಯಾದವರ ಪಟ್ಟಿ, ಉಳಿದ ಹಾಸಿಗೆಗಳು, ಬ್ಲೀಚಿಂಗ್ ಪೌಡರಿನ ವಾಸನೆ ಯಾವುದೂ ಮಕ್ಕಳು ಒಳಗೆ ಕಾಲಿಡುವಾಗ ಇರಬಾರದು. ಒಡಿಶಾದ ಬಾಲಸೋರ್ ಬಳಿ 2023ರ ಜೂನ್ 2ರಂದು ರೈಲು ದುರಂತ ನಡೆದಾಗ ಬಹನಾಗಾ ಪ್ರೌಢಶಾಲೆಯ ಕೊಠಡಿಗಳಲ್ಲಿ ಶವಗಳನ್ನು ಇರಿಸಲಾಗಿತ್ತು. ಮಕ್ಕಳು, ಪೋಷಕರು ಆ ಕಟ್ಟಡಕ್ಕೆ ಕಾಲಿಡಲು ಹಿಂಜರಿದರು. ಕೊನೆಗೆ ಅದನ್ನು ಕೆಡವಲು ಸರ್ಕಾರವೇ ಒಪ್ಪಬೇಕಾಯಿತು. ತುರ್ತಿನಲ್ಲಿ ಬೇರೆ ದಾರಿ ಇಲ್ಲದಿರಬಹುದು. ಆದರೆ ತಾಲ್ಲೂಕು ಆಡಳಿತ ಕಾಳಜಿ ಕೇಂದ್ರಗಳ ಪಟ್ಟಿ ಮಾಡುವಾಗಲೇ ಶವ ಇರಿಸುವ ಜಾಗ ಶಾಲೆಯಾಗದಂತೆ ಬೇರೆ ಕಟ್ಟಡ ಗೊತ್ತುಮಾಡಿಕೊಳ್ಳಬಹುದು. ಶಾಲೆಯನ್ನು ಬಳಸಲೇಬೇಕಾದರೂ ಎರಡು ಕೊಠಡಿಗಳನ್ನು ಮಕ್ಕಳ ಆಟ, ಓದಿಗೆಂದು ಮೊದಲ ದಿನದಿಂದಲೇ ಬಿಟ್ಟುಕೊಡಬೇಕು. ಜನದಟ್ಟಣೆಯ ಕೇಂದ್ರಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುವ ಅಪಾಯವೂ ಇರುವುದರಿಂದ ಶೌಚಾಲಯದ ದಾರಿಗೆ ದೀಪ, ಹೆಣ್ಣುಮಕ್ಕಳಿಗೆ ಬೇರೆ ಜಾಗ ಇರಲೇಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಎಲ್ಲರಿಗೂ ಕಾಣುವಂತೆ ಬರೆದಿರಬೇಕು.

ಮೊದಲ ದಿನ ಪಾಠ ಬೇಡ, ಘಟನೆಯ ವಿಚಾರಣೆಯೂ ಬೇಡ. ಗಂಟೆ ಎಂದಿನ ಹೊತ್ತಿಗೇ ಹೊಡೆಯಲಿ, ಬಿಸಿಯೂಟ ಎಂದಿನ ಹೊತ್ತಿಗೇ ಸಿಗಲಿ. ದಿನಚರಿ ಮರಳುವುದೇ ಮಕ್ಕಳಿಗೆ ಮೊದಲ ಮದ್ದು. ಏನಾಯಿತು, ಈಗ ಎಲ್ಲಿ ಏನು ಸುರಕ್ಷಿತ, ಇವತ್ತು ಸಂಜೆವರೆಗೆ ಏನೇನು ಇದೆ ಎಂಬುದನ್ನು ತರಗತಿ ಶಿಕ್ಷಕರು ತಮ್ಮ ತಮ್ಮ ಕೊಠಡಿಯಲ್ಲಿ ಐದು ನಿಮಿಷ ಸರಳವಾಗಿ ಹೇಳಬೇಕು. ಪ್ರಾರ್ಥನೆಯ ಸಾಲಿನಲ್ಲಿ ಮೈಕು ಹಿಡಿದು ಹೇಳಬಾರದು, ಏಕೆಂದರೆ ಅಲ್ಲಿ ಯಾವ ಮಗುವಿನ ಮುಖ ಹೇಗಾಯಿತು ಎಂಬುದು ಯಾರಿಗೂ ಕಾಣುವುದಿಲ್ಲ. ‘ಇನ್ನೇನೂ ಆಗಲ್ಲ, ಹೆದರಬೇಡಿ’ ಎಂಬ ಭರವಸೆ ಬೇಡ. ಮುಂದಿನ ಜೋರು ಮಳೆ ಅದನ್ನು ಸುಳ್ಳು ಮಾಡಿದರೆ ಮಗು ಆಮೇಲೆ ಯಾವ ಮಾತನ್ನೂ ನಂಬುವುದಿಲ್ಲ. ಮಳೆ ಜೋರಾದರೆ ಯಾರು ಯಾರನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಹೇಳಿ, ಆ ದಾರಿಯಲ್ಲಿ ಒಮ್ಮೆ ನಡೆಸಿಯೂ ಬಿಡಬೇಕು.

ಸಾವಿನ ಸುದ್ದಿ ಹೇಳುವಾಗ ‘ಮಲಗಿದ್ದಾನೆ’, ‘ದೂರ ಹೋಗಿದ್ದಾಳೆ’ ಎನ್ನುವುದು ಸಣ್ಣ ಮಕ್ಕಳಿಗೆ ಕೆಡುಕನ್ನೇ ಮಾಡುತ್ತದೆ. ಮಲಗಲು ಹೆದರುತ್ತಾರೆ, ಇಲ್ಲವೇ ಬಾಗಿಲ ಕಡೆ ಕಾಯುತ್ತ ಕೂರುತ್ತಾರೆ. ಸತ್ತುಹೋದ, ಮತ್ತೆ ಬರುವುದಿಲ್ಲ ಎಂದೇ ಮೆಲ್ಲಗೆ ಹೇಳಬೇಕು. ಒಂದನೇ ತರಗತಿಯ ಮಗು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಬೇಕು. ಸಾವು ಶಾಶ್ವತ ಎಂಬುದು ಆ ವಯಸ್ಸಿಗೆ ಒಂದೇ ಸಲಕ್ಕೆ ಅರ್ಥವಾಗುವ ಸಂಗತಿಯಲ್ಲ.

ಮೊದಲ ನಾಲ್ಕು ವಾರ ಕಾಣುವ ಬಹುಪಾಲು ಲಕ್ಷಣಗಳು ಕಾಯಿಲೆಯಲ್ಲ. ಪುಟ್ಟ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ, ಬೆರಳು ಚೀಪುತ್ತಾರೆ, ಅಮ್ಮನ ಸೆರಗು ಬಿಡುವುದಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳು ಹೊಟ್ಟೆನೋವು, ತಲೆನೋವು ಎನ್ನುತ್ತಾರೆ, ಮಣ್ಣು ಕುಸಿಯುವ ಆಟವನ್ನೇ ಮತ್ತೆ ಮತ್ತೆ ಆಡುತ್ತಾರೆ. ಪ್ರೌಢಶಾಲೆಯವರು ಸಿಡುಕುತ್ತಾರೆ, ಮಾತು ಬಿಡುತ್ತಾರೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ, ಕೆಲವರು ನದಿಯಂಚಿಗೆ, ಕುಸಿದ ಜಾಗಕ್ಕೆ ಹೋಗಿ ಸಾಹಸ ಮಾಡುತ್ತಾರೆ. ಇದಕ್ಕೆಲ್ಲ ಬೈಗುಳವೂ ಬೇಡ, ಮಾತ್ರೆಯೂ ಬೇಡ. ನಾಲ್ಕು ವಾರ ದಾಟಿದ ಮೇಲೂ ದುಃಸ್ವಪ್ನ, ಬೆಚ್ಚಿಬೀಳುವುದು, ಶಾಲೆ ತಪ್ಪಿಸುವುದು ಕಡಿಮೆಯಾಗದೆ ಮಗುವಿನ ಊಟ, ಆಟ, ಓದು ಕೆಟ್ಟಿದ್ದರೆ ಆಗ ತಜ್ಞರ ಹತ್ತಿರ ಕಳುಹಿಸಬೇಕು. ಸಾಯುವ ಮಾತು, ಮೈಗೆ ಗಾಯ ಮಾಡಿಕೊಳ್ಳುವುದು, ಊಟ ನೀರು ಪೂರ್ತಿ ಬಿಡುವುದು, ಮಾತೇ ನಿಂತುಹೋಗುವುದು, ಮನೆಬಿಟ್ಟು ಹೋಗುವುದು ಇವಕ್ಕೆ ನಾಲ್ಕು ವಾರ ಕಾಯುವಂತಿಲ್ಲ, ಅದೇ ದಿನ ಕಳುಹಿಸಬೇಕು. ತೀರ ಶಿಸ್ತಾಗಿ, ತೀರ ಸುಮ್ಮನೆ ಕೂತ ಮಗುವನ್ನು ‘ಗಟ್ಟಿಗ’ ಎಂದು ಹೊಗಳಿ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಅಂಥ ಮಗುವಿನ ತಟ್ಟೆಯಲ್ಲಿ ಅನ್ನ ಉಳಿಯುತ್ತಿದೆಯೇ ಎಂಬುದು ಬಿಸಿಯೂಟದ ಅಡುಗೆಯವರಿಗೆ ಗೊತ್ತಿರುತ್ತದೆ. ಶಿಕ್ಷಕರು ವಾರಕ್ಕೊಮ್ಮೆ ಸೇರಿ ಈ ಮಕ್ಕಳ ಬಗ್ಗೆ ಮಾತಾಡಬೇಕು, ಆ ಸಭೆಗೆ ಅವರನ್ನೂ ಕೂರಿಸಬೇಕು ಎನ್ನುವುದು ಅದಕ್ಕೇ.

ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಕೆಲವು ಕೆಲಸಗಳು ಗಾಯವನ್ನು ಕೆದಕುತ್ತವೆ. ಮಕ್ಕಳನ್ನು ಸುತ್ತ ಕೂರಿಸಿ ‘ಆ ರಾತ್ರಿ ಏನಾಯಿತು, ಒಬ್ಬೊಬ್ಬರೇ ಹೇಳಿ’ ಎನ್ನುವ ಒಂದೇ ಬೈಠಕ್ಕಿನ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ. ಕೇಳುತ್ತ ಕೂತ ಮಗು ತಾನು ಕಾಣದ ಭೀಕರ ದೃಶ್ಯವನ್ನೂ ತಲೆಯೊಳಗೆ ಹೊತ್ತು ಹೋಗುತ್ತದೆ. ಗುಡ್ಡ ಕುಸಿದ ಚಿತ್ರವನ್ನೇ ಬರೆಯಿರಿ ಎನ್ನುವುದೂ ಹಾಗೆಯೇ. ಬಣ್ಣ, ಹಾಳೆ ಕೊಟ್ಟು ಇಷ್ಟ ಬಂದದ್ದು ಬರೆಯಲು ಬಿಟ್ಟರೆ ಸಾಕು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಹೇಳದಿದ್ದರೆ ಕೆದಕಬಾರದು. ನಿದ್ದೆ ಬರುತ್ತಿಲ್ಲವೆಂದು ಮಕ್ಕಳಿಗೆ ಡಯಾಜೆಪಾಂ ಗುಂಪಿನ ನಿದ್ದೆ ಬರಿಸುವ ಮಾತ್ರೆ ಕೊಡುವುದನ್ನೂ ಅದೇ ಸಂಸ್ಥೆ ಬೇಡವೆಂದಿದೆ. ಇನ್ನು ಕ್ಯಾಮೆರಾ ಹಿಡಿದು ಬರುವವರು, ಫೋಟೊ ತೆಗೆಸಿಕೊಂಡು ಬ್ಯಾಗು ಹಂಚುವವರು. ಶಾಲೆಯ ಗೇಟಿನಲ್ಲಿ ಮುಖ್ಯೋಪಾಧ್ಯಾಯರ ಒಂದು ಪುಸ್ತಕ ಇರಲಿ. ಹೊರಗಿನ ಯಾವ ತಂಡವೂ ಅದರಲ್ಲಿ ಹೆಸರು, ಉದ್ದೇಶ, ಮತ್ತೆ ಬರುವ ದಿನಾಂಕ ಬರೆಯದೆ ಮಕ್ಕಳ ಬಳಿ ಹೋಗುವಂತಿಲ್ಲ ಎಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಠರಾವು ಮಾಡಲಿ. ಇಡೀ ಶೈಕ್ಷಣಿಕ ವರ್ಷ ಬರಲಾಗದ ತಂಡ ಮಕ್ಕಳೊಡನೆ ಕೂರುವುದರ ಬದಲು ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟು ಹೋದರೆ ಹೆಚ್ಚು ಉಪಕಾರ.

ಪಾಠದ ನಡುವೆ ಮಗುವೊಂದು ನಡುಗತೊಡಗಿದರೆ, ಉಸಿರು ಜೋರಾದರೆ ಮಾಡಬೇಕಾದದ್ದು ಇಷ್ಟು. ಶಿಕ್ಷಕರು ಹಿಂದಿನಿಂದ ಹೋಗಿ ಮುಟ್ಟಬಾರದು. ಎದುರಿಗೆ ಬಂದು ಮಗುವಿನ ಎತ್ತರಕ್ಕೆ ಕುಳಿತು ಹೆಸರು ಹಿಡಿದು ಮೆಲುದನಿಯಲ್ಲಿ ಮಾತಾಡಿಸಬೇಕು. ‘ನೀನು ಶಾಲೆಯಲ್ಲಿದ್ದೀಯ, ನಾನು ಇಲ್ಲೇ ಇದ್ದೇನೆ’ ಎನ್ನಬೇಕು. ಎರಡೂ ಪಾದ ನೆಲಕ್ಕೆ ಒತ್ತಲು ಹೇಳಿ, ಕಣ್ಣಿಗೆ ಕಾಣುವ ಐದು ವಸ್ತು, ಕೈಗೆ ತಾಗುವ ನಾಲ್ಕು, ಕಿವಿಗೆ ಕೇಳುವ ಮೂರು ಹೆಸರಿಸಲು ಹೇಳಬೇಕು. ಆಮೇಲೆ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದಾರು ಸಲ. ಹೊರಗೆ ಬಿಡುವುದೇ ಉದ್ದವಿರಬೇಕು. ದೀರ್ಘವಾಗಿ ಒಳಗೆ ಎಳೆದುಕೋ ಎಂದಷ್ಟೇ ಹೇಳಿದರೆ ತಲೆಸುತ್ತು ಬಂದು ಭಯ ಇನ್ನೂ ಏರುತ್ತದೆ. ಉಳಿದ ಮಕ್ಕಳು ಸುತ್ತ ಮುತ್ತಬಾರದು, ಆ ಮಗುವನ್ನು ಒಂಟಿಯಾಗಿ ಬೇರೆ ಕೋಣೆಗೆ ಕಳುಹಿಸಬಾರದು. ಈ ಉಸಿರಾಟವನ್ನು ಎಲ್ಲರೂ ಆರಾಮವಾಗಿರುವಾಗ ದಿನಾ ಬೆಳಿಗ್ಗೆ ಎರಡು ನಿಮಿಷ ಇಡೀ ತರಗತಿಗೆ ಮಾಡಿಸಿದ್ದರೆ ಮಾತ್ರ ಭಯ ಬಂದಾಗ ನೆನಪಿಗೆ ಬರುತ್ತದೆ.

ಗುಡ್ಡಗಾಡಿನ ಶಾಲೆಗಳಿಗೆ ಎಲ್ಲಕ್ಕಿಂತ ಕಷ್ಟದ ಸಂಗತಿ ಮಳೆಯೇ. ರೈಲು ದುರಂತ ಕಂಡ ಮಗು ರೈಲಿನಿಂದ ದೂರ ಇರಬಹುದು. ಮಲೆನಾಡಿನ ಮಗು ಮಳೆಯಿಂದ ದೂರ ಇರುವುದು ಹೇಗೆ? ಶೀಟಿನ ಮಾಡಿನ ಮೇಲೆ ಜಡಿಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಗಂಟಲು ಹರಿದು ಪಾಠ ಮಾಡುವುದನ್ನು ಬಿಟ್ಟು ಗುಂಪಿನಲ್ಲಿ ಕೂರುವ ಕೆಲಸ ಕೊಡಬೇಕು: ಬರವಣಿಗೆ, ಚಿತ್ರ, ಚೌಕಾಬಾರ, ಅಳಗುಳಿಮಣೆ. ಪಟ್ಟಿಯಲ್ಲಿ ಗುರುತಿಸಿದ ಮಕ್ಕಳು ಕಿಟಕಿಯಿಂದ ಈಚೆಗೆ, ಬಾಗಿಲು ಕಾಣುವ ಕಡೆ, ಗೆಳೆಯರ ಪಕ್ಕ ಇರಲಿ. ಆರನೇ ತರಗತಿಯಿಂದ ಮೇಲಿನವರಿಗೆ ಅಂಗಳದಲ್ಲೊಂದು ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಅಳತೆ ಬರೆಸುವುದು ಚೆನ್ನಾಗಿ ಫಲಿಸುತ್ತದೆ. ಹವಾಮಾನ ಇಲಾಖೆ 24 ಗಂಟೆಗೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ನಿನ್ನೆ ರಾತ್ರಿಯ ಸದ್ದು ಬರೇ 40 ಮಿಲಿಮೀಟರ್ ಎಂದು ಮಗು ತಾನೇ ಓದಿ ತಿಳಿದಾಗ ಪ್ರತಿ ಮಳೆಯೂ ಆ ಮಳೆಯಲ್ಲ ಎಂಬುದು ಮನಸ್ಸಿಗೆ ಇಳಿಯುತ್ತದೆ. ದಿನಕ್ಕೆ ಒಂದೇ ಸಲ ನೋಡುವ ನಿಯಮ ಇರಲಿ. ಗಂಟೆಗೊಮ್ಮೆ ಓಡಿಹೋಗಿ ನೋಡುವ ಮಗುವಿಗೆ ಈ ಕೆಲಸ ಕೊಡಬಾರದು, ಅಲ್ಲಿ ಅದೇ ಆತಂಕದ ಚಟವಾಗುತ್ತದೆ.

ಮಳೆ ರಜೆ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲು ರಜೆ ಬಂದಾಗ ಹೆದರಿದ ಮಗು ಮನೆಯಲ್ಲೇ ಉಳಿದು, ಮತ್ತೆ ಶಾಲೆಗೆ ಹೊರಡುವುದು ಇನ್ನೂ ಕಷ್ಟವಾಗುತ್ತದೆ. ರಜೆಯ ದಿನ ತರಗತಿ ಶಿಕ್ಷಕರು ಗುರುತಿಸಿದ ಐದಾರು ಮಕ್ಕಳ ಮನೆಗೆ ಎರಡು ನಿಮಿಷ ಫೋನ್ ಮಾಡಿದರೆ ಆ ಎಳೆ ಹರಿಯುವುದಿಲ್ಲ. ಕುಸಿದ ಜಾಗದ ಮೇಲೆ ಹಾದುಹೋಗುವ ದಾರಿಗೆ ಹೆದರುವ ಮಗುವನ್ನು ಎಳೆದುಕೊಂಡು ಹೋಗಬಾರದು. ಮೊದಲು ಅಪ್ಪನೋ ಅಮ್ಮನೋ ಜತೆಗಿದ್ದು ತಿರುವಿನವರೆಗೆ ನಡೆದು ನಿಂತು, ಭಯ ಇಳಿದ ಮೇಲೆ ವಾಪಸು ಬರುವುದು. ಎರಡು ಮೂರು ದಿನದ ಮೇಲೆ ಇನ್ನಷ್ಟು ಮುಂದೆ. ಭಯ ತುದಿಗೇರಿದ ಹೊತ್ತಿನಲ್ಲಿ ಓಡಿ ಬಂದರೆ ಭಯವೇ ಗೆದ್ದಂತಾಗುತ್ತದೆ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು.

ದಿನಾಂಕಗಳೂ ಮಕ್ಕಳನ್ನು ಕಾಡುತ್ತವೆ. ಕೊಡಗಿನ ದುರಂತದ ದಿನಗಳು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನವು. ಆಗಸ್ಟ್ ಮೊದಲ ವಾರ ಕವಾಯತು, ಹಾಡಿನ ಅಭ್ಯಾಸ ಶುರುವಾದಾಗಲೇ ಕೆಲವು ಮಕ್ಕಳ ನಿದ್ದೆ ಕೆಡಬಹುದು. ಶಿಕ್ಷಕರು ಅದನ್ನು ಮೊದಲೇ ತಿಳಿದಿರಬೇಕು, ಪೋಷಕರಿಗೂ ಹೇಳಿರಬೇಕು. ಸ್ಮರಣೆ ಮಾಡುವುದಾದರೆ ಬೇರೆ ದಿನ, ಚಿಕ್ಕದಾಗಿ, ಒಂದು ಗಿಡ ನೆಟ್ಟು ಮುಗಿಸಬಹುದು. ಬೇಡ ಎನ್ನುವ ಮಗುವಿಗೆ ಬಲವಂತ ಇಲ್ಲ. ದುರಂತದ ಫೋಟೊ, ವಿಡಿಯೊ ಪ್ರದರ್ಶನ ಶಾಲೆಯೊಳಗೆ ಬೇಡವೇ ಬೇಡ.

ಭಾಷೆಯ ವಿಚಾರವನ್ನು ಬೆಂಗಳೂರಿನಿಂದ ಬರುವ ತಂಡಗಳು ಬಹಳ ಸಲ ಗಮನಿಸುವುದಿಲ್ಲ. ಕೊಡಗಿನ ಒಂದೇ ತರಗತಿಯಲ್ಲಿ ಅರೆಭಾಷೆ, ಕೊಡವ ತಕ್ಕ್, ಯರವ, ತುಳು, ಮಲಯಾಳ ಮನೆಮಾತಿನ ಮಕ್ಕಳಿರುತ್ತಾರೆ. ಪಾಠದ ಕನ್ನಡ ಬರುತ್ತದೆ ಎಂದ ಮಾತ್ರಕ್ಕೆ ಎರಡನೇ ತರಗತಿಯ ಮಗು ತನ್ನ ಭಯವನ್ನು ಆ ಕನ್ನಡದಲ್ಲಿ ಹೇಳಲಾರದು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಅಡುಗೆಯವರಲ್ಲಿ ಆ ಮಾತು ಬಲ್ಲವರನ್ನು ಮೊದಲ ದಿನದಿಂದ ಜತೆಗೆ ಇಟ್ಟುಕೊಳ್ಳಬೇಕು. ಗುಟ್ಟು ಕಾಪಾಡುವುದು ಹೇಗೆ ಎಂದು ಅವರಿಗೆ ಹೇಳಿಕೊಡಲು ಒಂದು ಗಂಟೆ ಸಾಕು.

ಶಿಕ್ಷಕರೂ ಅದೇ ಊರಿನವರು. ಅವರ ಮನೆಯೂ ಹೋಗಿರಬಹುದು, ಅವರ ಕೈಯಲ್ಲಿ ಅಕ್ಷರ ಕಲಿತ ಮಗುವೇ ಸತ್ತಿರಬಹುದು. ಅದರ ಮೇಲೆ ಕಾಳಜಿ ಕೇಂದ್ರದ ಉಸ್ತುವಾರಿ, ಸಮೀಕ್ಷೆ, ಪರಿಹಾರದ ಪಟ್ಟಿ. ಇಂಥ ಶಾಲೆಯ ಶಿಕ್ಷಕರನ್ನು ಕನಿಷ್ಠ ಮೂರು ತಿಂಗಳು ಬೋಧಕೇತರ ಕೆಲಸದಿಂದ ಬಿಡಿಸಬೇಕು, ರಜೆ ಬೇಕಾದವರ ಜಾಗಕ್ಕೆ ಅತಿಥಿ ಶಿಕ್ಷಕರನ್ನು ಕೊಡಬೇಕು, ಆ ವರ್ಷ ಅಲ್ಲಿಂದ ವರ್ಗಾವಣೆ ಮಾಡಬಾರದು. ವಯನಾಡಿನಲ್ಲಿ ವೆಳ್ಳಾರ್‌ಮಲ ಮತ್ತು ಮುಂಡಕ್ಕೈ ಶಾಲೆಗಳ ತರಗತಿಗಳನ್ನು 2024ರ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮತ್ತೆ ಆರಂಭಿಸಿದಾಗ ಮಕ್ಕಳನ್ನು ಸಿಕ್ಕಸಿಕ್ಕ ಶಾಲೆಗಳಿಗೆ ಹಂಚದೆ ತಮ್ಮ ಶಾಲೆಯ ಹೆಸರಿನಲ್ಲೇ ಒಟ್ಟಿಗೆ ಉಳಿಸಿಕೊಂಡರು. ಕಟ್ಟಡ ಹೋದರೂ ಗೆಳೆಯರು, ಮೇಷ್ಟ್ರು ಉಳಿದರೆ ಮಗುವಿಗೆ ಶಾಲೆ ಉಳಿದಂತೆಯೇ. ನಮ್ಮಲ್ಲಿ ಕರ್ಣಂಗೇರಿ, ಮದೆನಾಡು, ಜಂಬೂರಿನಂಥ ಪುನರ್ವಸತಿ ಬಡಾವಣೆಗಳಿಗೆ ಕುಟುಂಬಗಳು ಹೋದಾಗ ಶಾಲೆ ಬದಲಿಸಬೇಕಾಗಿ ಬರುತ್ತದೆ. ವರ್ಗಾವಣೆ ಪತ್ರದ ಜತೆ ಮಗುವಿನ ಸ್ಥಿತಿಯ ಕುರಿತು ಒಂದು ಪುಟದ ಟಿಪ್ಪಣಿಯನ್ನು, ಪೋಷಕರ ಒಪ್ಪಿಗೆ ಪಡೆದು, ಮುಚ್ಚಿದ ಲಕೋಟೆಯಲ್ಲಿ ಹೊಸ ಮುಖ್ಯೋಪಾಧ್ಯಾಯರಿಗೆ ಕಳುಹಿಸುವ ಪದ್ಧತಿ ಬರಬೇಕು. ಇಲ್ಲದಿದ್ದರೆ ಹೊಸ ಶಾಲೆಯಲ್ಲಿ ಮಳೆ ಬಂದ ದಿನವೆಲ್ಲ ಗೈರಾಗುವ ಮಗು ‘ಅನಿಯಮಿತ ಹಾಜರಾತಿ’ಯ ಪಟ್ಟಿಗೆ ಸೇರಿ ಅಲ್ಲಿಗೇ ಕಳೆದುಹೋಗುತ್ತದೆ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ಮಾತು ಖಚಿತವಾಗಿ ಹೇಳಬೇಕು: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮೊದಲನೆಯದರಲ್ಲಿ ಅಂಕ ಇಳಿದರೆ ಮತ್ತೆ ಬರೆಯಬಹುದು. ಶಾಲೆಯ ಫಲಿತಾಂಶದ ಶೇಕಡಾವಾರಿಗೆ ಹೆದರಿ ಇಂಥ ಮಕ್ಕಳ ಮೇಲೆ ಒತ್ತಡ ಹಾಕುವುದು ಅನ್ಯಾಯ.

ಯಾರ ಬಳಿ ಕಳುಹಿಸಬೇಕು ಎಂಬ ದಾರಿ ಮೊದಲೇ ಗೊತ್ತಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಶಿಕ್ಷಕರೂ ತಮಗಾಗಿ ಮಾಡಬಹುದು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಹದಿಹರೆಯದವರ ಸ್ನೇಹ ಕ್ಲಿನಿಕ್ ಇವೆ. ಗುಡ್ಡದ ಮೇಲಿನ ಮನೆಯಿಂದ ತಾಲ್ಲೂಕಿಗೆ ಹೋಗಿಬರಲು ಕೂಲಿಯ ಒಂದು ದಿನ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ‘ರೆಫರ್ ಮಾಡಿದ್ದೇವೆ’ ಎಂದು ಬರೆದ ಮಕ್ಕಳಲ್ಲಿ ನಿಜವಾಗಿ ಯಾರು ತಲುಪಿದರು ಎಂದು ಮರುವಾರ ವಿಚಾರಿಸುವ ಹೊಣೆ ಒಬ್ಬ ಶಿಕ್ಷಕರ ಹೆಸರಿಗೇ ಇರಬೇಕು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನೂರರ ಹತ್ತಿರಕ್ಕೂ ಬರುವುದಿಲ್ಲ. ಶಾಲೆಯ ಲೆಕ್ಕ ಹಿಡಿದರೆ ಅಪಾಯದ ಅಂಚಿನ ಮಕ್ಕಳೇ ಬಿಟ್ಟುಹೋಗುತ್ತಾರೆ. ಆದ್ದರಿಂದ ಭೂಕುಸಿತ ಪೀಡಿತ ಪ್ರದೇಶಗಳಲ್ಲಿ ಸುತ್ತಲಿನ ಹಲವು ಶಾಲೆಗಳು ಸೇರಿದ ಕ್ಲಸ್ಟರ್ ಲೆಕ್ಕದಲ್ಲಿ ಒಬ್ಬರನ್ನು ನೇಮಿಸಬೇಕು. ಅವರು ಪ್ರತಿ ಶಾಲೆಗೆ ವಾರದ ಗೊತ್ತಾದ ದಿನ ಬರಬೇಕು, ಮತ್ತು ನೇಮಕ ಕನಿಷ್ಠ ಎರಡು ಮಳೆಗಾಲಗಳಿಗೆ ಇರಬೇಕು. ಮೂರು ತಿಂಗಳ ಗುತ್ತಿಗೆಯಲ್ಲಿ ಬಂದವರು ಮಗು ಬಾಯಿಬಿಡುವ ಹೊತ್ತಿಗೆ ಹೊರಟಿರುತ್ತಾರೆ.

ಶಾಲೆ ತೆರೆಯುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಖ್ಯೋಪಾಧ್ಯಾಯರ ಸಭೆ ಕರೆದೇ ಕರೆಯುತ್ತಾರೆ. ಈ ಸಲ ಅದರಲ್ಲಿ ಅರ್ಧ ದಿನವನ್ನು ಈ ವಿಷಯಕ್ಕೆ ಮೀಸಲಿಡಲಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರನ್ನು ಅಲ್ಲಿಗೇ ಕರೆಸಲಿ. ಮಕ್ಕಳ ಪಟ್ಟಿ ಮಾಡುವ ವಿಧಾನ ಮತ್ತು ತಾಲ್ಲೂಕಿನ ಫೋನ್ ಸಂಖ್ಯೆಗಳಿರುವ ಒಂದು ಹಾಳೆ, ಇವೆರಡಾದರೂ ಅವತ್ತೇ ಪ್ರತಿ ಮುಖ್ಯೋಪಾಧ್ಯಾಯರ ಕೈ ಸೇರಲಿ ಎಂದು ಜಿಲ್ಲಾ ಉಪನಿರ್ದೇಶಕರನ್ನು ಕೋರುತ್ತೇವೆ.

ಇಂತಿ,
ಶಾಲಾ ಮಕ್ಕಳ ಆಪ್ತ ಸಮಾಲೋಚನೆಯಲ್ಲಿ ತೊಡಗಿರುವವರು,
ಮಡಿಕೇರಿ